ಇಪ್ಪತ್ತೈದರಿಂದ ಭಾಗಿಸಿದ ಚಾಲೆಂಜರ್

ನಮಸ್ಕಾರ. ತೆರೆಯ ಮೇಲೆ ಈಗ ಕಾಣುತ್ತಿರುವ ಈ ಬಿಳಿ ಪ್ಲಾಸ್ಟಿಕ್ ಕಾರಿನ ಹೊರಮೈಗೆ ಇನ್ನೂ ಗಾಜಿಲ್ಲ, ಚಕ್ರವಿಲ್ಲ, ಬಣ್ಣವಿಲ್ಲ. ಆದರೂ ಹಿಂದಿನ ಚಕ್ರದ ಮೇಲೆ ಏರುವ ಆ ಉಬ್ಬನ್ನು ಒಮ್ಮೆ ನೋಡಿದವರಿಗೆ ಇದು 1970ರ ಡಾಡ್ಜ್ ಚಾಲೆಂಜರ್ ಎಂದು ಬೇರೆ ಹೇಳಬೇಕಾಗಿಲ್ಲ. ಈ ಮಾದರಿಯ ಪ್ರಮಾಣ 1:25, ಎಂದರೆ ನಿಜವಾದ ಕಾರಿನ ಪ್ರತಿಯೊಂದು ಅಳತೆಯನ್ನೂ ಇಪ್ಪತ್ತೈದರಿಂದ ಭಾಗಿಸಿದಾಗ ಸಿಗುವ ಗಾತ್ರ. ಪೆಟ್ಟಿಗೆ ತೆರೆದ ಕೂಡಲೇ ನಾನು ಕ್ಯಾಲಿಪರ್ ಎಂಬ ಅಳತೆಯ ಸಾಧನ ಹಿಡಿದು ಕೂರುತ್ತೇನೆ. ನಿಜವಾದ ಚಾಲೆಂಜರ್‌ನ ವೀಲ್‌ಬೇಸ್, ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 110 ಅಂಗುಲ, ಅಂದರೆ 2794 ಮಿ.ಮೀ.; ಮಾದರಿಯಲ್ಲಿ ಅದು 112 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ ಇರಬೇಕು. ಡಾಡ್ಜ್‌ನ ಒಡೆಯ ಕಂಪನಿಯಾದ ಕ್ರೈಸ್ಲರ್ ಅದೇ ವರ್ಷ ಹೊಸ ರೂಪದಲ್ಲಿ ತಂದ ಒಡಹುಟ್ಟು ಕಾರಾದ ಪ್ಲಿಮತ್ ಬ್ಯಾರಕೂಡಾದ ವೀಲ್‌ಬೇಸ್ 108 ಅಂಗುಲ. ನಿಜದಲ್ಲಿ ಎರಡು ಅಂಗುಲದ ಆ ವ್ಯತ್ಯಾಸ ನನ್ನ ಮೇಜಿನ ಮೇಲೆ ಕೇವಲ ಎರಡು ಮಿ.ಮೀ. ಆಗಿ ಉಳಿಯುತ್ತದೆ, ಆದರೆ ಎರಡೂ ಮಾದರಿಗಳನ್ನು ಪಕ್ಕದಲ್ಲಿಟ್ಟರೆ ಚಾಲೆಂಜರ್ ಸ್ವಲ್ಪ ಮೈಚಾಚಿ ನಿಂತಂತೆ ಕಾಣುವುದಕ್ಕೆ ಆ ಎರಡು ಮಿ.ಮೀ. ಕೂಡ ಕಾರಣ.

ನಾನು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ ವಾಸಿಸುತ್ತೇನೆ. ಇಲ್ಲಿಂದ ಹತ್ತಿರದಲ್ಲೇ ಇರುವ ವುಡ್‌ವರ್ಡ್ ಅವೆನ್ಯೂದಲ್ಲಿ 1960ರ ದಶಕದ ಹುಡುಗರು ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಪಂದ್ಯ ಕಟ್ಟಿ ಕಾರು ಓಡಿಸುತ್ತಿದ್ದರು. 1995ರಿಂದ ಅದೇ ರಸ್ತೆಯಲ್ಲಿ ಪ್ರತಿ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಹಳೆಯ ಕಾರುಗಳ ದೊಡ್ಡ ಮೆರವಣಿಗೆಯೇ ನಡೆಯುತ್ತದೆ. ಮಸಲ್ ಕಾರ್, ಎಂದರೆ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಹಾಕಿದ ವೇಗದ ಕಾರು, ಎಂಬುದರ ಹುಟ್ಟನ್ನು ಸಾಮಾನ್ಯವಾಗಿ 1964ರ ಪಾಂಟಿಯಾಕ್ ಜಿಟಿಒದಿಂದ ಗುರುತಿಸುತ್ತಾರೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ನಿಯಮ ಪಾಂಟಿಯಾಕ್‌ನ ಒಡೆಯ ಕಂಪನಿಯಾದ ಜನರಲ್ ಮೋಟಾರ್ಸ್‌ನೊಳಗೆ ಇತ್ತು. ಪಾಂಟಿಯಾಕ್‌ನ ಎಂಜಿನಿಯರುಗಳು 389 ಘನ ಅಂಗುಲದ ಎಂಜಿನ್ನನ್ನು 'ಗ್ರಾಹಕರು ಬಯಸಿದರೆ ಮಾತ್ರ' ಎಂಬ ಆಯ್ಕೆಯ ಹೆಸರಿನಲ್ಲಿ ಒಳಗೆ ತೂರಿಸಿದರು. ಚಾಲೆಂಜರ್ ಈ ಹಬ್ಬಕ್ಕೆ ತಡವಾಗಿ ಬಂದ ನೆಂಟ. 1970ರಲ್ಲಿ ಅದು ಬೀದಿಗೆ ಇಳಿಯುವ ಹೊತ್ತಿಗೆ ವಿಮಾ ಕಂಪನಿಗಳು ಇಂಥ ಕಾರುಗಳಿಗೆ ದುಬಾರಿ ಪ್ರೀಮಿಯಂ ಹೇರಲು ಶುರುಮಾಡಿದ್ದವು, ಹೊಗೆಯ ಕಾನೂನುಗಳು ಬಿಗಿಯಾಗುತ್ತಿದ್ದವು, ಮತ್ತು 1973ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ, 1974ರಲ್ಲಿ, ಈ ಕಾರಿನ ತಯಾರಿಕೆ ನಿಂತೇ ಹೋಯಿತು.

ಕಿಟ್‌ಗಳ, ಎಂದರೆ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಮಾದರಿಗಳ, ಕಥೆಯೂ ಇದೇ ಊರಿನದ್ದು. ಹೊಸ ಮಾದರಿಯ ಕಾರು ಮಾರುವ ಡೀಲರುಗಳಿಗೆಂದು 1:25 ಪ್ರಮಾಣದ ಪುಟ್ಟ ಪ್ರಚಾರ ಕಾರುಗಳನ್ನು ಮಾಡಿಕೊಡುತ್ತಿದ್ದ, ಮಿಷಿಗನ್‌ನ ಟ್ರಾಯ್ ಪಟ್ಟಣದ ಎಎಂಟಿ ಕಂಪನಿ, 1958ರಲ್ಲಿ ಅಂಥದ್ದೇ ಅಚ್ಚುಗಳಿಂದ ಬಿಡಿಭಾಗಗಳ ಪೆಟ್ಟಿಗೆಯನ್ನು ಮಕ್ಕಳಿಗೆ ಮಾರಲು ಹೊರಟಿತು. ಒಂದೇ ಪೆಟ್ಟಿಗೆಯಿಂದ ಕಾರ್ಖಾನೆಯ ಕಾರು, ಅಲಂಕರಿಸಿದ ಕಾರು, ರೇಸಿನ ಕಾರು, ಈ ಮೂರರಲ್ಲಿ ಯಾವುದನ್ನಾದರೂ ಕಟ್ಟಬಹುದಿತ್ತು. ಕಾರ್ಖಾನೆಯ ಕಾರನ್ನು ಕಟ್ಟಿದ ಮಕ್ಕಳು ಕಡಿಮೆ ಇದ್ದಿರಬೇಕು ಎಂಬುದು ನನ್ನ ಊಹೆ; ಹತ್ತು ವರ್ಷದ ನಾನಾಗಿದ್ದರೂ ದಪ್ಪ ರೇಸ್ ಟೈರನ್ನೇ ಅಂಟಿಸುತ್ತಿದ್ದೆ.

ಈಗ ಕೆಲಸಕ್ಕೆ ಬರೋಣ. ಉಕ್ಕಿನ ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಬಾಡಿಯ ಮೇಲೆ ಸಣ್ಣದೊಂದು ಗೆರೆ ಮೂಡಿರುತ್ತದೆ. ಮುಂಚಕ್ರದ ಮೇಲಿನ ಹೊದಿಕೆಯಾದ ಫೆಂಡರ್‌ನ ಮೇಲ್ತುದಿಯಲ್ಲಿ ಹರಿಯುವ ಆ ಗೆರೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ನೀವು ಕಾಣಬಲ್ಲಿರಿ. ಬಣ್ಣ ಬಿದ್ದ ಮೇಲಾದರೋ ಅದು ಎಲ್ಲರಿಗೂ ಕಾಣುತ್ತದೆ. 600ರ (ಸಂಖ್ಯೆ ಹೆಚ್ಚಿದಷ್ಟೂ ತರಿ ನುಣ್ಣಗೆ) ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ತೇಯ್ದು ತೆಗೆಯಬೇಕು. ಬಾಗಿಲು ಮತ್ತು ಡಿಕ್ಕಿಯ ಸಂದುಗಳದ್ದು ಇದಕ್ಕೆ ತದ್ವಿರುದ್ಧವಾದ ಸಮಸ್ಯೆ. ನಿಜವಾದ ಕಾರಿನಲ್ಲಿ ಸಂದು 5 ಮಿ.ಮೀ. ಎಂದುಕೊಂಡರೆ ಇಲ್ಲಿ ಅದು 0.2 ಮಿ.ಮೀ. ಆಗುತ್ತದೆ. ಅಗಲ ಅಷ್ಟೇ ಇದ್ದು ಆಳ ಕಡಿಮೆಯಿದ್ದರೆ, ಪ್ರೈಮರ್ ಎಂಬ ತಳಬಣ್ಣ ಮತ್ತು ಮೇಲಿನ ಬಣ್ಣ ಸೇರಿ ಅದನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಬಣ್ಣಕ್ಕೆ ಮೊದಲೇ ಬ್ಲೇಡಿನ ಬೆನ್ನಿನಿಂದ, ಕೈಗೆ ಭಾರ ಕೊಡದೆ, ಒಂದೊಂದು ಸಂದನ್ನೂ ಹತ್ತಿಪ್ಪತ್ತು ಬಾರಿ ಎಳೆದು ಆಳ ಮಾಡಿಕೊಳ್ಳುತ್ತೇನೆ. ಬ್ಲೇಡಿನ ಮೂತಿ ಒಮ್ಮೆ ಸಂದಿನಿಂದ ಜಾರಿ ಬಾಗಿಲಿನ ಮೇಲೆ ಗೀರಿದರೆ, ಪುಟ್ಟಿ ಹಚ್ಚಿ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಬಣ್ಣದ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯೇ ಇರಲಿಲ್ಲ. ನಾನು ಆಯ್ದ ನೇರಳೆಯನ್ನು ಡಾಡ್ಜ್ ಪ್ಲಮ್ ಕ್ರೇಜಿ ಎಂದು ಕರೆಯಿತು. ಅದೇ ಬಣ್ಣವನ್ನು ಪ್ಲಿಮತ್ ಇನ್-ವಯೊಲೆಟ್ ಎಂಬ ಹೆಸರಿನಲ್ಲಿ ಮಾರಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ, ಅದರೊಳಗೆ ಬೆಳ್ಳಿಯ ಪುಡಿ ಬೆರೆಸಿದಂತೆ. ಆ ಪುಡಿಯಲ್ಲೇ ತೊಡಕಿರುವುದು. ನಿಜವಾದ ಕಾರಿನ ತೇಪೆಗೆಂದು ಮಾರುವ ಬಣ್ಣವನ್ನು ತಂದು ಮಾದರಿಗೆ ಹೊಡೆದರೆ ಅದರ ಲೋಹದ ಕಣಗಳು ಕುಗ್ಗುವುದಿಲ್ಲ. ಕಾರು ಮಾತ್ರ ಕುಗ್ಗಿರುತ್ತದೆ. ಒಂದು ಕಣದ ಅಗಲ 0.05 ಮಿ.ಮೀ. ಇದ್ದರೂ, ಇಪ್ಪತ್ತೈದು ಪಟ್ಟು ಹಿಗ್ಗಿಸಿ ನೋಡಿದರೆ ನಿಜವಾದ ಕಾರಿನ ಮೇಲೆ ಸಾಸಿವೆ ಕಾಳು ಎರಚಿದಂತಾಯಿತು. ಹಾಗಾಗಿ ಮಾದರಿಗಳಿಗೆಂದೇ ನುಣ್ಣಗೆ ಅರೆದ ಕಣಗಳಿರುವ ಲ್ಯಾಕರ್ ಬಣ್ಣವನ್ನು ಆಯ್ದುಕೊಂಡು, 0.3 ಮಿ.ಮೀ. ಸೂಜಿಯ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಿಂದ ತೆಳುವಾಗಿ ಹೊಡೆಯುತ್ತೇನೆ. ದಪ್ಪದ ಲೆಕ್ಕವೂ ಇದೇ ರೀತಿಯದು. ಪ್ರೈಮರ್, ಬಣ್ಣ, ಮೇಲಿನ ಹೊಳಪಿನ ಪದರ ಎಲ್ಲ ಸೇರಿ ಮಾದರಿಯ ಮೇಲೆ 0.1 ಮಿ.ಮೀ. ಕುಳಿತರೆ, ನಿಜವಾದ ಕಾರಿಗೆ ಎರಡೂವರೆ ಮಿ.ಮೀ. ದಪ್ಪ ಬಣ್ಣ ಬಳಿದಂತೆ. ಮಾದರಿಯ ಅಂಚುಗಳೆಲ್ಲ ಸಾಬೂನಿನಂತೆ ಸವೆದು ಕಾಣುವುದು ಅದರಿಂದಲೇ.

ಇಷ್ಟೆಲ್ಲ ತಿಳಿದವನು ಹೊರಗಿನ ಗಾಳಿಯನ್ನು ಗಮನಿಸಬೇಕಿತ್ತು. ಆಗಸ್ಟ್‌ನ ಒಂದು ಸಂಜೆ, ಮಳೆ ನಿಂತು ಅರ್ಧ ಗಂಟೆಯೂ ಆಗಿರದಾಗ, ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಬಾನೆಟ್‌ಗೆ ಬಣ್ಣ ಹೊಡೆದೆ. ಎರಡು ನಿಮಿಷದಲ್ಲಿ ನೇರಳೆಯ ಮೇಲೆ ಹಾಲಿನ ಕೆನೆಯಂಥ ಬಿಳುಪು ಹರಡಿತು. ಲ್ಯಾಕರ್‌ನಲ್ಲಿರುವ ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈಯನ್ನು ತಂಪಾಗಿಸುತ್ತದೆ, ಆ ತಂಪಿಗೆ ಗಾಳಿಯ ತೇವ ಹನಿಗಟ್ಟಿ ಒಣಗದ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಆರುವ ಥಿನ್ನರನ್ನು ಮರುದಿನ ಮಂಜಿನಂತೆ ಸಿಂಪಡಿಸಿದಾಗ ಬಣ್ಣ ಮತ್ತೆ ಸಡಿಲವಾಗಿ ಆ ತೇವಕ್ಕೆ ಹೊರಹೋಗಲು ಅವಕಾಶ ಸಿಕ್ಕಿತು, ಬಹುಪಾಲು ಬಿಳುಪು ಮಾಯವಾಯಿತು. ಮಧ್ಯದಲ್ಲಿ ಉಳಿದ ಒಂದು ಮಚ್ಚೆಗಾಗಿ ಬಾನೆಟ್ಟಿನ ಬಣ್ಣವನ್ನು ಪೂರ್ತಿ ಕಿತ್ತು ಮತ್ತೆ ಹೊಡೆಯಬೇಕಾಯಿತು. ಆ ತುಣುಕನ್ನು ವಿಡಿಯೋದಿಂದ ತೆಗೆದುಹಾಕಿಲ್ಲ. ನನ್ನ ಗೊಣಗಾಟದ ಧ್ವನಿಯನ್ನು ಮಾತ್ರ ತೆಗೆದಿದ್ದೇನೆ.

ಹೊಳಪಿನ ಬಗ್ಗೆ ಒಂದು ವಾದವಿದೆ. 1970ರಲ್ಲಿ ಕಾರ್ಖಾನೆಯಿಂದ ಬಂದ ಕಾರುಗಳ ಎನಾಮೆಲ್ ಬಣ್ಣದ ಮೇಲೆ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಇರುತ್ತಿತ್ತು, ಆದ್ದರಿಂದ ಕನ್ನಡಿಯಂಥ ಹೊಳಪು ಸುಳ್ಳು ಎನ್ನುವವರಿದ್ದಾರೆ. ಅವರ ಮೊದಲರ್ಧ ಸರಿ. ಆದರೆ ಆ ತರಿಯನ್ನು ಇಪ್ಪತ್ತೈದರಿಂದ ಭಾಗಿಸಿದರೆ ಕಣ್ಣಿಗೆ ಏನೂ ಉಳಿಯುವುದಿಲ್ಲ. ಮಾದರಿ ನುಣುಪಾಗಿರುವುದೇ ನಿಜಕ್ಕೆ ಹತ್ತಿರ. ಹಾಗಾಗಿ 2000ದಿಂದ 12000ದವರೆಗಿನ ಉಜ್ಜುಬಟ್ಟೆಗಳಿಂದ ನಾನು ಉಜ್ಜುತ್ತೇನೆ, ಫೆಂಡರ್‌ನ ಏಣುಗಳನ್ನು ಮಾತ್ರ ಮುಟ್ಟುವುದಿಲ್ಲ. ಅಲ್ಲಿ ಬಣ್ಣ ತೆಳುವಾಗಿರುವುದರಿಂದ ಮೂರು ಉಜ್ಜಿಗೆ ಬಿಳಿ ಪ್ಲಾಸ್ಟಿಕ್ ಇಣುಕುತ್ತದೆ.

ನನಗೆ ಅತ್ಯಂತ ಇಷ್ಟವಾದ ಭಾಗ ಎಂಜಿನ್. ಚಾಲೆಂಜರ್ ಆರ್‌/ಟಿ ಎಂಬ ಹೆಚ್ಚು ಶಕ್ತಿಯ ಆವೃತ್ತಿಗೆ ಮಾಮೂಲಿಯಾಗಿ 383 ಘನ ಅಂಗುಲದ, 335 ಅಶ್ವಶಕ್ತಿಯ ಎಂಜಿನ್ ಬರುತ್ತಿತ್ತು; ಎಲ್ಲಕ್ಕಿಂತ ಮೇಲೆ 425 ಅಶ್ವಶಕ್ತಿಯ, 426 ಘನ ಅಂಗುಲದ ಹೆಮಿ ಎಂಬ ಎಂಜಿನ್ ಇತ್ತು. ನಾನು ಕಟ್ಟುತ್ತಿರುವುದು ಶಕ್ತಿಯಲ್ಲಿ ಇವೆರಡರ ನಡುವಿನ, 440 ಘನ ಅಂಗುಲದ ಸಿಕ್ಸ್ ಪ್ಯಾಕ್, 390 ಅಶ್ವಶಕ್ತಿಯದು. ಹೆಮಿಯನ್ನು ಎಲ್ಲರೂ ಕಟ್ಟುತ್ತಾರೆ. ಸಿಕ್ಸ್ ಪ್ಯಾಕ್‌ನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ, ಎರಡೆರಡು ಬಾಯಿಯ ಮೂರು ಹೋಲಿ ಕಂಪನಿಯ ಕಾರ್ಬುರೇಟರ್‌ಗಳು ಒಂದರ ಹಿಂದೊಂದು ಕೂತಿರುತ್ತವೆ. ಸುಮ್ಮನೆ ಓಡಿಸುವಾಗ ನಡುವಿನದೊಂದೇ ಕೆಲಸ ಮಾಡುತ್ತದೆ, ಪೆಡಲನ್ನು ಪೂರ್ತಿ ತುಳಿದಾಗ ಎಂಜಿನ್ನಿನ ನಿರ್ವಾತದ ಬಲದಿಂದ ಉಳಿದೆರಡು ಬಾಯಿ ತೆರೆಯುತ್ತವೆ. ವುಡ್‌ವರ್ಡ್‌ನಲ್ಲಿ ಇದೇ ನೇರಳೆ ಬಣ್ಣದ ಕಾರಿನ ಹಿರಿಯ ಮಾಲೀಕರೊಬ್ಬರು ಬಾನೆಟ್ ಎತ್ತಿ, ನಾನು ಕ್ಯಾಲಿಪರ್ ಹೊರತೆಗೆದಾಗ ನಕ್ಕರೂ, ಅಳೆಯಲು ಬಿಟ್ಟರು. ಸ್ಪಾರ್ಕ್ ಪ್ಲಗ್ ವೈರಿನ ದಪ್ಪ 7 ಮಿ.ಮೀ. ಬಂತು. ಭಾಗಿಸಿದರೆ 0.28 ಮಿ.ಮೀ.

ಕಿಟ್‌ನಲ್ಲಿ ಈ ವೈರುಗಳು ಇರುವುದಿಲ್ಲ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ಎಂದು ಕೊಟ್ಟಿರುವುದು ಅಂಗಿಯ ಗುಂಡಿಯಂಥ, ಸುಮಾರು 4 ಮಿ.ಮೀ. ಅಗಲದ ಒಂದು ತುಂಡು. ಅದರ ಮೇಲೆ, ನೀವು ಈಗ ಹತ್ತಿರದಿಂದ ನೋಡುತ್ತಿರುವಂತೆ, ಸುತ್ತಲೂ ಎಂಟು ಮತ್ತು ನಡುವೆ ವಿದ್ಯುತ್ ಕೊಡುವ ಕಾಯಿಲ್‌ಗಾಗಿ ಒಂದು, ಒಟ್ಟು ಒಂಬತ್ತು ತೂತುಗಳನ್ನು 0.3 ಮಿ.ಮೀ. ಡ್ರಿಲ್ಲಿನಿಂದ ಬೆರಳಲ್ಲೇ ತಿರುಗಿಸಿ ಕೊರೆಯಬೇಕು. ಮೊದಲು ಸೂಜಿಯ ಮೊನೆಯಿಂದ ಚುಕ್ಕಿ ಇಟ್ಟುಕೊಳ್ಳದಿದ್ದರೆ ಡ್ರಿಲ್ ಓಡಾಡುತ್ತದೆ, ಒತ್ತಿದರೆ ಮುರಿಯುತ್ತದೆ. ಈ ಗುಂಡಿಗೆ ನನ್ನ ನಾಲ್ಕು ಡ್ರಿಲ್ಲುಗಳು ಬಲಿಯಾದವು. ನಂತರ ಕಪ್ಪು ಹೊದಿಕೆಯ ಸಣ್ಣ ತಂತಿಯ ಒಂದೊಂದು ತುಂಡನ್ನೂ ಚಿಮಟದಲ್ಲಿ ಹಿಡಿದು, ಅಂಟಿನ ಹನಿಗೆ ತುದಿ ತಾಗಿಸಿ, ತೂತಿಗೆ ಇಳಿಸಬೇಕು. ಎಂಟು ಸಿಲಿಂಡರಿನ ಈ ಕ್ರೈಸ್ಲರ್ ವಿ-8ರ ಫೈರಿಂಗ್ ಕ್ರಮ, ಎಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ, 1-8-4-3-6-5-7-2. ಬೆಸ ಸಂಖ್ಯೆಯ ಸಿಲಿಂಡರುಗಳು ಚಾಲಕನ ಬದಿಗೆ, ಸಮಸಂಖ್ಯೆಯವು ಎದುರು ಬದಿಗೆ. ಈ ಕ್ರಮವನ್ನು ಮಾದರಿಯಲ್ಲಿ ಯಾರು ಪರೀಕ್ಷಿಸುತ್ತಾರೆ ಎಂದು ಕೇಳಬಹುದು. ಡೆಟ್ರಾಯಿಟ್‌ನ ಮಾದರಿ ಪ್ರದರ್ಶನಕ್ಕೆ ಒಯ್ದು ನೋಡಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ, ತುಟಿಯಲ್ಲೇ ಎಣಿಸುವ ನಿವೃತ್ತ ಎಂಜಿನಿಯರೊಬ್ಬರು ಖಂಡಿತ ಸಿಗುತ್ತಾರೆ. ಎಂಜಿನ್ ಬ್ಲಾಕ್ ಕಿತ್ತಳೆ ಬಣ್ಣದ್ದು. ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳಿಗೆ ಮಾತ್ರ ಬಣ್ಣವಿಲ್ಲ, ಬರೀ ಎರಕದ ಕಬ್ಬಿಣ. ಅವುಗಳಿಗೆ ಬೂದುಬಣ್ಣದ ಮೇಲೆ ತುಕ್ಕಿನ ಪುಡಿಯನ್ನು ಒಣ ಬ್ರಶ್‌ನಿಂದ ಸವರಿದ್ದೇನೆ. ಅಂಡಾಕಾರದ ಏರ್ ಕ್ಲೀನರ್ ಕೂತರೆ ಮೂರು ಕಾರ್ಬುರೇಟರ್‌ಗಳೂ ಮರೆಯಾಗುತ್ತವೆಯಾದ್ದರಿಂದ ಅದಕ್ಕೆ ಅಂಟು ಹಾಕಿಲ್ಲ. ಮೂರು ಸಂಜೆಗಳ ಕೆಲಸವನ್ನು ಮುಚ್ಚಳದಡಿ ಹೂತುಬಿಡುವಷ್ಟು ವೈರಾಗ್ಯ ನನಗೆ ಬಂದಿಲ್ಲ.

ಗಾಜಿನ ಸುತ್ತಲಿನ ಕ್ರೋಮ್ ಪಟ್ಟಿಗೆ ಬೆಳ್ಳಿ ಬಣ್ಣ ಬಳಿದರೆ ಬೂದಿಯಂತೆ ಕಾಣುತ್ತದೆ, ಲೋಹಕ್ಕೆ ಲೋಹವೇ ಬೇಕು. ಹಿಂಬದಿಗೆ ಅಂಟು ಸವರಿರುವ, ಉಸಿರು ತಾಗಿದರೆ ಮಡಚಿಕೊಳ್ಳುವಷ್ಟು ತೆಳುವಾದ ಬೇಗಡೆಯನ್ನು ಬೇಕಾದ್ದಕ್ಕಿಂತ ಅಗಲವಾಗಿ ಕತ್ತರಿಸಿ, ಪಟ್ಟಿಯ ಮೇಲೆ ಹಾಸಿ, ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ ಒತ್ತುತ್ತಾ ಹೋದರೆ, ಅಡಿಯಲ್ಲಿರುವ ಏಣು ಮೇಲೆ ಮೂಡುತ್ತದೆ. ಆಮೇಲೆ ಹೊಸ ಬ್ಲೇಡು, ಹಳೆಯದಲ್ಲ. ಹಳೆಯದು ಬೇಗಡೆಯನ್ನು ಕತ್ತರಿಸದೆ ಹರಿಯುತ್ತದೆ. ಏಣಿನ ಬುಡಕ್ಕೆ ಬ್ಲೇಡನ್ನು ಮಲಗಿಸಿ, ಅದರ ತೂಕದಷ್ಟೇ ಒತ್ತಿ ಎಳೆದು, ಹೆಚ್ಚಾದ ಅಂಚನ್ನು ಚಿಮಟದಿಂದ ಎತ್ತಿದಾಗ ಉಳಿಯುವುದು ಕೂದಲಿನಷ್ಟು ನೇರವಾದ ಒಂದು ಬೆಳ್ಳಿಗೆರೆ. ವಿಂಡ್‌ಶೀಲ್ಡ್‌ನ ಎಡಮೂಲೆ ನನಗೆ ಮೂರನೆಯ ಸಲಕ್ಕೆ ಒಲಿಯಿತು.

ಉಳಿದದ್ದನ್ನು ಬೇಗನೆ ಹೇಳುತ್ತೇನೆ. ತಳಕ್ಕೆ ಪ್ರೈಮರ್ ಬಣ್ಣ, ಅಂಚುಗಳಲ್ಲಿ ಮಾತ್ರ ಮೇಲಿನಿಂದ ತೂರಿಬಂದ ನೇರಳೆಯ ಮಂಜು. ಕಾರ್ಖಾನೆಯವರು ಕಾಣದ ಜಾಗಕ್ಕೆ ಬಣ್ಣ ದಂಡ ಮಾಡುತ್ತಿರಲಿಲ್ಲ. ಹಿಂಬದಿಯ ಬಿಳಿ ಬಂಬಲ್‌ಬೀ ಪಟ್ಟಿ ಒಂದು ಡೆಕಲ್, ಎಂದರೆ ಅಂಟಿಸುವ ತೆಳುವಾದ ಚಿತ್ರ; ಉಬ್ಬಿನ ಮೇಲೆ ಸುಕ್ಕು ಬೀಳದಂತೆ ಅದನ್ನು ಮೆತ್ತಗಾಗಿಸುವ ದ್ರವ ಹಚ್ಚಿ ಕೂರಿಸಿದೆ. ಹಿಂದಿನ ದೀಪದ ನಡುವೆ ರಿವರ್ಸ್ ಲೈಟ್ ಇದೆ, ಅದು 1970ರ ಗುರುತು. ಮರುವರ್ಷ ಆ ಜೋಡಣೆಯೇ ಬದಲಾಯಿತು. ಟೈರಿನ ಬಗ್ಗೆ ಒಂದು ಎಚ್ಚರಿಕೆ: ಹಳೆಯ ಕಿಟ್‌ಗಳ ವಿನೈಲ್ ಟೈರುಗಳಲ್ಲಿರುವ ಮೆತುಕಾರಕ ರಾಸಾಯನಿಕ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನನ್ನ ಮೊದಲ ಮಾದರಿಯ ನಾಲ್ಕೂ ಚಕ್ರಗಳು ಗಾಜಿನ ಪೆಟ್ಟಿಗೆಯೊಳಗೇ ಬೆಲ್ಲದಂತೆ ಕರಗಿ ಟೈರಿಗೆ ಅಂಟಿಕೊಂಡಿದ್ದವು. ಈಗ ರಿಮ್‌ಗೂ ಟೈರಿಗೂ ನಡುವೆ ಬೇಗಡೆಯ ಒಂದು ಸುತ್ತು ಹಾಕುತ್ತೇನೆ.

ಕೊನೆಯದಾಗಿ ಕ್ಯಾಮೆರಾ. ಮಾದರಿಯನ್ನು ಮೇಲಿನಿಂದ ಚಿತ್ರಿಸಿದರೆ ಮೂರನೆಯ ಮಹಡಿಯಿಂದ ಕಾರನ್ನು ನೋಡಿದಂತಾಗುತ್ತದೆ. ವುಡ್‌ವರ್ಡ್‌ನ ಅಂಚಿನಲ್ಲಿ ನಿಂತಾಗ ನನ್ನ ಕಣ್ಣು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿತ್ತು. ಇಪ್ಪತ್ತೈದರಿಂದ ಭಾಗಿಸಿದರೆ 60 ಮಿ.ಮೀ. ಲೆನ್ಸಿನ ನಡುಭಾಗವನ್ನು ಮೇಜಿನಿಂದ ಅಷ್ಟೇ ಎತ್ತರಕ್ಕೆ ಇಳಿಸಿದ್ದೇನೆ. ಕಿಟಕಿಯ ಬೆಳಕು ಎಡದಿಂದ ಬರುತ್ತಿದೆ, ಬಾಗಿಲಿನ ಸಂದಿನಲ್ಲಿ ನೆರಳು ಬಿದ್ದಿದೆ. ಬಲಬದಿಯ ವೈಪರ್ ಕಾಲು ಮಿ.ಮೀ. ಮೇಲೆದ್ದಿರುವುದು ಈಗಷ್ಟೇ ಕಂಡಿತು. ಚಿಮಟ ಎಲ್ಲಿಟ್ಟೆ ನೋಡುತ್ತೇನೆ.