ಟಿಬಿ ರೋಗಾಣುವಿನ ಊಟದ ತಟ್ಟೆ

ಕೇಳುಗರಿಗೆ ನಮಸ್ಕಾರ.

ಟಿಬಿ ಬಂದವರು ಯಾಕೆ ಆರು ತಿಂಗಳು ಮಾತ್ರೆ ನುಂಗಬೇಕು? ಎಷ್ಟೋ ಜನರಿಗೆ ಕೆಮ್ಮು, ಜ್ವರ ಬೇಗನೇ ಇಳಿದಿರುತ್ತದೆ. ರೋಗಾಣು ಮಾತ್ರ ಒಳಗೇ ಇರುತ್ತದೆ. ಅದಕ್ಕೆ ಅವಸರ ಅನ್ನುವುದೇ ಇಲ್ಲ. ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಸಾಲದ್ದಕ್ಕೆ ಕೆಲವು ಬೆಳೆಯುವುದನ್ನೇ ಬಿಟ್ಟು ಸುಮ್ನೆ ಮಲಗಿಬಿಡುತ್ತವೆ. 1952ರಲ್ಲಿ ಬಂದ ಐಸೋನಿಯಾಜಿಡ್ ಎಂಬ ಟಿಬಿ ಔಷಧಿ, ರೋಗಾಣು ತನ್ನ ಮೇಣದಂಥ ಗೋಡೆ ಕಟ್ಟುವುದನ್ನು ತಡೆಯುತ್ತದೆ. ಕಟ್ಟುವ ಕೆಲಸವನ್ನೇ ನಿಲ್ಲಿಸಿ ಮಲಗಿದ್ದಕ್ಕೆ ಅದು ಏನು ಮಾಡೀತು?

ಆದರೆ ಮಲಗಿದ್ದಕ್ಕೂ ಒಂದಿಷ್ಟು ಶಕ್ತಿ ಬೇಕು, ಅಲ್ವಾ?

ನಮ್ಮ ಜೀವಕೋಶದೊಳಗೆ ಕೂತ ಈ ರೋಗಾಣು ಹೆಚ್ಚಾಗಿ ತಿನ್ನುವುದು ನಮ್ಮದೇ ಕೊಬ್ಬು, ಕೊಲೆಸ್ಟರಾಲ್. ಕೊಬ್ಬು ತಿಂದು ಬದುಕಲು ಐಸೋಸಿಟ್ರೇಟ್ ಲಯೇಸ್ ಎಂಬ ಕಿಣ್ವ ಬೇಕು. ಅದನ್ನು ಕಿತ್ತುಹಾಕಿದ ರೋಗಾಣು ಇಲಿಗಳಲ್ಲಿ ಬಹಳ ದಿನ ನೆಲೆ ನಿಲ್ಲಲಿಲ್ಲ ಎಂದು 2000ದಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ಈ ಕಿಣ್ವವೇ ಇಲ್ಲ. ಔಷಧಿಗೆ ಇದಕ್ಕಿಂತ ಒಳ್ಳೆ ಗುರಿ ಬೇಕೇ? ಆದರೆ ಆ ಕಿಣ್ವದಲ್ಲಿ ಔಷಧಿ ಹೋಗಿ ಕೂರಬೇಕಾದ ಜಾಗ ತೀರಾ ಇಕ್ಕಟ್ಟು. ಮಾತ್ರೆ ಬರಲೇ ಇಲ್ಲ.

ಮಾತ್ರೆ ಬಂದದ್ದು ಬೇರೆ ಕಡೆಯಿಂದ. ಬೆಲ್ಜಿಯಂನ ಕೋನ್ ಆಂಡ್ರೀಸ್ ಮತ್ತು ಜೊತೆಗಾರರು ಯಾವ ಗುರಿಯನ್ನೂ ಹಿಡಿದು ಹೊರಟವರಲ್ಲ. ರಾಶಿ ರಾಸಾಯನಿಕಗಳನ್ನು ಟಿಬಿಯ ಸಾಧು ದಾಯಾದಿ ಬ್ಯಾಕ್ಟೀರಿಯಾ ಮೇಲೆ ಹಾಕಿ, ಯಾವುದು ಕೊಲ್ಲುತ್ತದೆ ಎಂದು ನೋಡಿದರು. ಒಂದು ಕೊಂದಿತು. ಹೇಗೆ? ಅದಕ್ಕೆ ಬಗ್ಗದೆ ಉಳಿದವುಗಳ ಜೀನ್‌ಗಳನ್ನು ಓದಿದಾಗ ಸುಳಿವು ಸಿಕ್ಕಿತು. ಎಟಿಪಿ ಸಿಂಥೇಸ್, ಅಂದರೆ ಗಿರಣಿ ಚಕ್ರದಂತೆ ತಿರುಗುತ್ತಾ ಶಕ್ತಿ ತಯಾರಿಸುವ ಪುಟ್ಟ ಯಂತ್ರ. ಔಷಧಿ ಆ ಚಕ್ರಕ್ಕೇ ಅಡ್ಡಗೋಲು. ಇಂಥ ಯಂತ್ರ ನಮ್ಮಲ್ಲೂ ಇದೆ! ಕಾಗದದ ಮೇಲೆ ಗುರಿ ಆರಿಸಲು ಕೂತಿದ್ದರೆ ಇದನ್ನೇ ಮೊದಲು ಹೊಡೆದುಹಾಕುತ್ತಿದ್ದರೇನೋ. ಪುಣ್ಯಕ್ಕೆ, ಎರಡರ ಚಕ್ರಗಳಲ್ಲಿ ವ್ಯತ್ಯಾಸವಿದೆ. 2012ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆ ಔಷಧಿಯೇ ಬೆಡಾಕ್ವಿಲಿನ್. ಬೇರೆ ಮಾತ್ರೆಗಳಿಗೆ ಬಗ್ಗದ ಟಿಬಿಗೆ ಈಗ ಇದೇ ದೊಡ್ಡ ಆಸರೆ. ಹೃದಯದ ಬಡಿತ ಏರುಪೇರಾಗಬಹುದು, ಹಾಗಾಗಿ ಆಗಾಗ ಇಸಿಜಿ ಮಾಡಿಸಬೇಕು.

ಇನ್ನೊಂದು ಸೋಜಿಗ. ಪ್ರಯೋಗಾಲಯದಲ್ಲಿ ಬೆಡಾಕ್ವಿಲಿನ್ ಹಾಕಿದ ಮೊದಲ ಕೆಲವು ದಿನ ರೋಗಾಣು ಸಾಯುವುದೇ ಇಲ್ಲ. ಸಕ್ಕರೆಯಂಥದ್ದು ಸಿಕ್ಕರೆ ಬೇರೆ ದಾರಿಯಲ್ಲಿ ಒಂದಿಷ್ಟು ಶಕ್ತಿ ಹೊಂದಿಸಿಕೊಂಡು ದಿನ ದೂಡುತ್ತದೆ. ಬರೀ ಕೊಬ್ಬಿನ ಅಂಶ ಕೊಟ್ಟು ಸಾಕಿದರೆ ಆ ದಾರಿ ಮುಚ್ಚುತ್ತದೆ, ಬೇಗ ಸಾಯುತ್ತದೆ. ನಮ್ಮ ಮೈಯೊಳಗೆ ಅದರ ತಟ್ಟೆಯಲ್ಲಿ ಜಾಸ್ತಿ ಇರುವುದೂ ಕೊಬ್ಬೇ.

ನಮಸ್ಕಾರ.