ದೂರದಿಂದ ಬರುವ ಸಹೋದ್ಯೋಗಿಯನ್ನು ಎದುರುಗೊಳ್ಳುವವರು ಯಾರು?

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿ, ಮಣಿಪಾಲದ ಕಂಪೆನಿಗಳು ಬೆಳೆಯುತ್ತಿವೆ. ಊರಿನವರು, ಘಟ್ಟದ ಮೇಲಿನವರು ಮಾತ್ರ ಇದ್ದ ಆಫೀಸುಗಳಿಗೆ ಈಗ ಹೊರದೇಶದವರೂ ಕೆಲಸಕ್ಕೆ ಬರುತ್ತಾರೆ. ಇವತ್ತಿನ ಮಾತು ಅಂಥ ಕಂಪೆನಿಯ ಮಾಲೀಕರಿಗೆ, ಎಚ್‌ಆರ್‌ನವರಿಗೆ, ಅಡ್ಮಿನ್ ನೋಡಿಕೊಳ್ಳುವವರಿಗೆ. ಮನೆ ಬಾಡಿಗೆಗೆ ಕೊಡುವವರು ರೇಡಿಯೋ ಆರಿಸಬೇಡಿ, ನಿಮಗೂ ಒಂದು ಕೆಲಸ ಉಂಟು.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಹೊಸದಾಗಿ ಬರುವ ಪ್ರತಿಯೊಬ್ಬರ ಹೊಣೆಗೂ ನಿಮ್ಮ ಆಫೀಸಿನ ಒಬ್ಬರ ಹೆಸರು ಬರೆದಿಡಿ. "ಎಚ್‌ಆರ್ ನೋಡಿಕೊಳ್ಳುತ್ತದೆ" ಎಂದರೆ ಸಾಲದು. "ನಾವೆಲ್ಲ ಇದ್ದೇವಲ್ಲ" ಎಂದರಂತೂ ಏನೂ ಸಾಲದು. ಒಬ್ಬರ ಹೆಸರು, ಒಂದು ಫೋನ್ ನಂಬರು. ಬರುವವರು ವಿಮಾನ ಹತ್ತುವ ಮೊದಲೇ ಅದು ಅವರ ಕೈಯಲ್ಲಿರಬೇಕು.

ನಮ್ಮೂರ ಮದುವೆಯಲ್ಲಿ ದಿಬ್ಬಣ ಬರುವಾಗ ಬಾಗಿಲಲ್ಲಿ ಯಾರು ನಿಲ್ಲಬೇಕು, ಕಾಲಿಗೆ ನೀರು ಯಾರು ಕೊಡಬೇಕು, ಬೆಲ್ಲ ನೀರು ಯಾರು ತರಬೇಕು ಎಂದು ಹಿಂದಿನ ದಿನವೇ ತೀರ್ಮಾನ ಆಗಿರುತ್ತದೆ. ಎಲ್ಲರೂ ಪ್ರೀತಿಯವರೇ, ಆದರೂ ಹೆಸರು ಹೇಳಿಯೇ ಕೆಲಸ ಹಂಚುತ್ತಾರೆ. ಆಫೀಸಿನಲ್ಲಿ ಮಾತ್ರ ಇದನ್ನು ಯಾಕೆ ಮರೆಯುತ್ತೇವೆ? ಬೊಕೆ ಕೊಟ್ಟು ಫೋಟೊ ತೆಗೆಯಲು ಹತ್ತು ಜನ ಬರುತ್ತಾರೆ. ಸಿಮ್ ಕಾರ್ಡಿಗೆ ಜೊತೆಯಲ್ಲಿ ಹೋಗಲು ಒಬ್ಬರೂ ಸಿಗುವುದಿಲ್ಲ.

ಹೆಸರು ಬರೆದಿಡದಿದ್ದರೆ ಏನಾಗುತ್ತದೆ? ಒಂದು ಉದಾಹರಣೆಯನ್ನು ಸಾವಕಾಶ ಬಿಡಿಸಿ ಹೇಳುತ್ತೇನೆ. ವಿಯೆಟ್ನಾಮಿನ ಒಬ್ಬ ಎಂಜಿನಿಯರ್ ನಿಮ್ಮ ಮಂಗಳೂರಿನ ಆಫೀಸಿಗೆ ಸೇರುತ್ತಾರೆ ಎಂದಿಟ್ಟುಕೊಳ್ಳಿ. ಜೂನ್ ತಿಂಗಳು, ಶನಿವಾರ. ಆಕೆ ಬೆಂಗಳೂರಿನಲ್ಲಿ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು, ಇನ್ನೊಂದು ವಿಮಾನದಲ್ಲಿ ರಾತ್ರಿ ಬಜಪೆಗೆ ಬರಬೇಕು. ಮಳೆ ಜೋರಾದರೆ ಬಜಪೆಯಲ್ಲಿ ಇಳಿಯಲಾಗದೆ ವಿಮಾನ ಬೇರೆ ಊರಿಗೆ ತಿರುಗುವುದುಂಟು ಎಂದು ನಮಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಹಾಗಾದಾಗ ಯಾರಿಗೆ ಫೋನ್ ಮಾಡಬೇಕು? ಆಫರ್ ಲೆಟರ್ ಕಳಿಸಿದ್ದು ಬೆಂಗಳೂರು ಶಾಖೆ, ಮನೆ ನೋಡಿದ್ದು ಮಂಗಳೂರಿನ ಅಡ್ಮಿನ್. ಕಾರು ಅವರು ಕಳಿಸುತ್ತಾರೆಂದು ಇವರು, ಇವರು ಕಳಿಸುತ್ತಾರೆಂದು ಅವರು. ಹೇಗೋ ರಾತ್ರಿ ಆಕೆ ಕದ್ರಿಯ ಫ್ಲಾಟಿಗೆ ಮುಟ್ಟಿದರು. ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಊಟಕ್ಕೆ ಹೋಗಿದ್ದಾನೆ.

ಮರುದಿನ ಭಾನುವಾರ. ಲ್ಯಾಪ್‌ಟಾಪ್ ಚಾರ್ಜರಿನ ಪಿನ್ನು ಚಪ್ಪಟೆ, ನಮ್ಮ ಪ್ಲಗ್ ಪಾಯಿಂಟಿಗೆ ದುಂಡು ಪಿನ್ನು. ವಿದ್ಯುತ್ತು ನಮ್ಮಲ್ಲಿ 230 ವೋಲ್ಟ್. ಫೋನು, ಲ್ಯಾಪ್‌ಟಾಪುಗಳ ಚಾರ್ಜರು 100ರಿಂದ 240 ವೋಲ್ಟಿನವರೆಗೆ ತಡೆಯುತ್ತದೆ, ಅದಕ್ಕೆ ಅಡಾಪ್ಟರ್ ಒಂದಿದ್ದರೆ ಸಾಕು. ಅಮೆರಿಕದಿಂದ 120 ವೋಲ್ಟಿನ ಹೇರ್ ಡ್ರೈಯರ್ ತಂದವರು ಅದೇ ಅಡಾಪ್ಟರಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಇದನ್ನು ಮೊದಲೇ ಬರೆದು ತಿಳಿಸಿ.

ಆಮೇಲೆ ಸಿಮ್. ಪಾಸ್‌ಪೋರ್ಟ್, ವೀಸಾದ ಪ್ರತಿ ಮಾತ್ರ ಸಾಲದು, ಸ್ಥಳೀಯರೊಬ್ಬರ ಫೋನ್ ನಂಬರೂ ಬೇಕಾಗುತ್ತದೆ. ಭಾನುವಾರ ಯಾರ ನಂಬರು ಕೊಡುತ್ತಾರೆ ಆಕೆ? ಸಿಮ್ ಇಲ್ಲದೆ ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೆ ಟ್ಯಾಕ್ಸಿ ಇಲ್ಲ, ಊಟ ತರಿಸಲಾಗುವುದಿಲ್ಲ. ನಮ್ಮಲ್ಲಿ ಬೊಂಡದ ಗಾಡಿಯವನೂ ಕ್ಯೂಆರ್ ಕೋಡ್ ತೋರಿಸುತ್ತಾನೆ, ಆಕೆಯ ಫೋನಿನಲ್ಲಿ ಯುಪಿಐ ಇಲ್ಲ. ಎಟಿಎಮ್ಮಿನಿಂದ ಬಂದದ್ದು ಐನೂರರ ನೋಟುಗಳು, ರಿಕ್ಷಾದವರ ಹತ್ತಿರ ಚಿಲ್ಲರೆ ಇಲ್ಲ. ಆದ್ದರಿಂದ ಫ್ಲಾಟಿನ ಮೇಜಿನ ಮೇಲೆ ಒಂದು ಲಕೋಟೆಯಲ್ಲಿ 5,000 ರೂಪಾಯಿ ಮುಂಗಡ ಇಡಿ, ಅದರಲ್ಲಿ ಅರ್ಧವಾದರೂ ನೂರು, ಐವತ್ತು, ಇಪ್ಪತ್ತರ ನೋಟುಗಳಿರಲಿ. ಒಂದು ಕೊಡೆ, ಸೊಳ್ಳೆಗೆ ಹಚ್ಚುವ ಕ್ರೀಮು, ಎರಡು ಹೊತ್ತಿನ ತಿಂಡಿ, ಕುಡಿಯುವ ನೀರಿನ ಕ್ಯಾನು. ಗ್ಯಾಸ್ ಸಂಪರ್ಕಕ್ಕೆ ದಿನ ಹಿಡಿಯುತ್ತದೆ, ಮೊದಲ ವಾರಕ್ಕೆ ಇಂಡಕ್ಷನ್ ಒಲೆ ಸಾಕು. ಇಷ್ಟನ್ನು ಇಡಲು ಒಬ್ಬರಿಗೆ ಅರ್ಧ ದಿನ ಸಾಕು. ಆ ಒಬ್ಬರು ಯಾರು ಎಂಬುದೇ ನನ್ನ ಪ್ರಶ್ನೆ.

ಸೋಮವಾರ ಬೆಳಗ್ಗೆ ಆಕೆ ಆಫೀಸಿಗೆ ಬಂದರು. ಗೇಟಿನ ಪುಸ್ತಕದಲ್ಲಿ ಹೆಸರಿಲ್ಲ. ಲ್ಯಾಪ್‌ಟಾಪ್ "ಆರ್ಡರ್ ಆಗಿದೆ". ಲಾಗಿನ್ ಮಾಡಿಕೊಡುವವರು ರಜೆ. ಅರವತ್ತು ಜನರ ಕೈಕುಲುಕಿಸಿದರು, ಒಂದು ಹೆಸರೂ ನೆನಪಿನಲ್ಲಿ ಉಳಿಯಲಿಲ್ಲ. ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಗುಂಪಿನಲ್ಲಿ ಊಟಕ್ಕೆ ಹೋದರು. ಆಕೆಯನ್ನು ಯಾರಾದರೂ ಕರೆದಿರುತ್ತಾರೆ ಎಂದೇ ಪ್ರತಿಯೊಬ್ಬರೂ ತಿಳಿದಿದ್ದರು.

ಇನ್ನು ಮುಖ್ಯ ವಿಷಯ, ಕಾಗದಪತ್ರ. ಆಕೆಯ ದೇಶದಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಕೊನೆಗೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್, ಗಿವನ್ ನೇಮ್ ಎಂದು ಬೇರೆ ಬೇರೆ ಸಾಲಿನಲ್ಲಿ ಸರಿಯಾಗಿಯೇ ಇದೆ. ಆಫರ್ ಲೆಟರ್ ಟೈಪ್ ಮಾಡಿದವರು ಹಿಂದುಮುಂದು ಮಾಡಿದರು. ಪ್ಯಾನ್ ಅರ್ಜಿಯನ್ನು ಆ ಆಫರ್ ಲೆಟರ್ ನೋಡಿ ತುಂಬಿಸಿದರು. ಬ್ಯಾಂಕಿನವರು ಪಾಸ್‌ಪೋರ್ಟ್ ನೋಡುತ್ತಾರೆ, ಪ್ಯಾನ್ ನೋಡುತ್ತಾರೆ, ಎರಡೂ ತಾಳೆಯಾಗುವುದಿಲ್ಲ ಎಂದು ಖಾತೆ ತೆರೆಯದೆ ಕಳಿಸುತ್ತಾರೆ. ಖಾತೆ ಇಲ್ಲದೆ ಮೊದಲ ತಿಂಗಳ ಸಂಬಳ ಹಾಕುವುದೆಲ್ಲಿಗೆ? ಪ್ಯಾನ್ ನಂಬರು ಕೊಡದ ನೌಕರರಿಗೆ ಮೂಲದಲ್ಲಿ ಕಡಿತವಾಗುವ ತೆರಿಗೆ ಶೇಕಡ 20ಕ್ಕೆ ಕಡಿಮೆ ಆಗುವಂತಿಲ್ಲ. ಒಂದು ಸಾಲು ಟೈಪ್ ಮಾಡುವಾಗಿನ ಅಜಾಗ್ರತೆಗೆ ಆಕೆಯ ಒಂದು ತಿಂಗಳ ನೆಮ್ಮದಿ ಹೋಯಿತು. ಆದ್ದರಿಂದ ಸರಕಾರಿ ಕಾಗದದಲ್ಲೆಲ್ಲ ಪಾಸ್‌ಪೋರ್ಟಿನ ಹೆಸರು ಅಕ್ಷರಕ್ಕೆ ಅಕ್ಷರ ಇರಲಿ. ಕರೆಯುವ ಹೆಸರು ಯಾವುದು ಎಂದು ಅವರನ್ನೇ ಕೇಳಿ, ಇಮೇಲಿನಲ್ಲಿ, ಮೇಜಿನ ಫಲಕದಲ್ಲಿ ಅದನ್ನೇ ಹಾಕಿ. ತಾರೀಕು ಬರೆಯುವಾಗ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03-04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಇನ್ನೂ ಮುಗಿಯಲಿಲ್ಲ. 180 ದಿನಕ್ಕಿಂತ ಹೆಚ್ಚಿನ ಅವಧಿಯ ಎಂಪ್ಲಾಯ್‌ಮೆಂಟ್ ವೀಸಾದಲ್ಲಿ ಬಂದವರು 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ, ಹೆಸರು ನೋಂದಾಯಿಸಬೇಕು. ಅರ್ಜಿ ಆನ್‌ಲೈನ್, ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲಿ. ಎಡವುವುದು ಎಲ್ಲಿ ಗೊತ್ತೇ? 14 ದಿನ ಎಣಿಸಬೇಕಾದದ್ದು ಭಾರತದೊಳಗೆ ಕಾಲಿಟ್ಟ ದಿನದಿಂದ, ಪಾಸ್‌ಪೋರ್ಟಿನ ಮುದ್ರೆಯ ತಾರೀಕಿನಿಂದ. ಕಂಪೆನಿಗಳು ಕೆಲಸಕ್ಕೆ ಹಾಜರಾದ ದಿನದಿಂದ ಎಣಿಸುತ್ತವೆ. ಮೊದಲು ನಾಲ್ಕು ದಿನ ದೆಹಲಿ, ಆಗ್ರಾ ನೋಡಿ ಬಂದವರಿಗೆ ಉಳಿಯುವುದು ಹತ್ತೇ ದಿನ. ಅರ್ಜಿಗೆ ಪಾಸ್‌ಪೋರ್ಟ್, ವೀಸಾ, ಮುದ್ರೆ ಬಿದ್ದ ಪುಟ, ಫೋಟೊ, ಕೆಲಸದ ಒಪ್ಪಂದ, ಕಂಪೆನಿಯ ಪತ್ರ, ಮತ್ತೆ ವಾಸದ ಪುರಾವೆ ಬೇಕು.

ಈ ವಾಸದ ಪುರಾವೆಯಲ್ಲೇ ಗಾಡಿ ನಿಲ್ಲುವುದು. ಮನೆ ಮಾಲೀಕರೇ, ಈಗ ಕೇಳಿ. ವಿದೇಶಿ ಪ್ರಜೆಯೊಬ್ಬರು ನಿಮ್ಮ ಮನೆಯಲ್ಲಿ ಉಳಿಯಲು ಬಂದರೆ 24 ಗಂಟೆಯೊಳಗೆ ನೀವು ಆನ್‌ಲೈನಿನಲ್ಲಿ ವರದಿ ಕೊಡಬೇಕು. ಫಾರ್ಮ್ ಸಿ ಎಂದು ಎಲ್ಲರೂ ಹೇಳುವುದು ಅದನ್ನೇ. ಅದು ಹೋಟೆಲಿನವರಿಗೆ ಮಾತ್ರ ಎಂದು ತಿಳಿಯಬೇಡಿ. ಬಾಡಿಗೆ ಫ್ಲಾಟಿಗೂ, ಪೇಯಿಂಗ್ ಗೆಸ್ಟ್ ಇಡುವವರಿಗೂ ಅದೇ ನಿಯಮ. ಆ ಪೋರ್ಟಲಿನಲ್ಲಿ ವರದಿ ಹಾಕಬೇಕಾದರೆ ಮೊದಲು ಮನೆ ಮಾಲೀಕರಾಗಿ ನೀವು ನೋಂದಾಯಿಸಿಕೊಂಡಿರಬೇಕು. ಆ ಅನುಮತಿ ಬರಲು ಸಮಯ ಬೇಕು, ಅತಿಥಿ ಬಂದ ರಾತ್ರಿ ಕುಳಿತರೆ ಆಗುವ ಕೆಲಸವಲ್ಲ. ಬಾಡಿಗೆ ಮಾತುಕತೆಯ ದಿನವೇ ಮಾಲೀಕರನ್ನು ಕೂರಿಸಿ ಈ ನೋಂದಣಿ ಮಾಡಿಸುವವರು ಕಂಪೆನಿಯ ಆ ಒಬ್ಬರು. ನೋಡಿ, ಮತ್ತೆ ಅಲ್ಲಿಗೇ ಬಂದೆ. ಯಾವ ಕೆಲಸವೂ ಕಷ್ಟದ್ದಲ್ಲ, ತನ್ನದು ಎಂದು ಹಿಡಿದುಕೊಳ್ಳುವ ಒಬ್ಬರು ಬೇಕು.

ಇದನ್ನೇ ಹೇಳುತ್ತಾ ಸಮಯ ಓಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಎರಡು ತಿಂಗಳು ಮುಂಚೆ ವೀಸಾ ನೋಡಿ. ಎಂಪ್ಲಾಯ್‌ಮೆಂಟ್ ವೀಸಾಕ್ಕೆ ವರ್ಷದ ಸಂಬಳ 16.25 ಲಕ್ಷ ರೂಪಾಯಿಗೆ ಕಡಿಮೆ ಇರಬಾರದು, ಕೆಲವೇ ವೃತ್ತಿಗಳಿಗೆ ವಿನಾಯಿತಿ. ಟೂರಿಸ್ಟ್ ವೀಸಾದಲ್ಲಿ ಕರೆಸಿ, ಇಲ್ಲಿ ಬದಲಾಯಿಸೋಣ ಎಂಬ ಯೋಚನೆಯೇ ಬೇಡ, ಅದು ಆಗುವುದಿಲ್ಲ. ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ಆ ಅವಲಂಬಿತ ವೀಸಾದಲ್ಲಿ ಇಲ್ಲಿ ಕೆಲಸ ಮಾಡುವಂತಿಲ್ಲ ಎಂದು ಆಫರ್ ಕೊಡುವಾಗಲೇ ಸ್ಪಷ್ಟವಾಗಿ ಹೇಳಿ. ನಮ್ಮ ಊರಿನ ಮೂಲದವರೇ ವಿದೇಶಿ ಪ್ರಜೆಗಳಾಗಿ ಒಸಿಐ ಕಾರ್ಡ್ ಇಟ್ಟುಕೊಂಡು ಮರಳುತ್ತಾರಲ್ಲ, ಅವರಿಗೆ ಎಂಪ್ಲಾಯ್‌ಮೆಂಟ್ ವೀಸಾ ಬೇಡ, 14 ದಿನದ ನೋಂದಣಿಯೂ ಬೇಡ. ವೀಸಾ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದು, ಎರಡು ತಿಂಗಳು ಮೊದಲೇ ವಿಸ್ತರಣೆಯ ಕೆಲಸ ಶುರುಮಾಡಿ.

ಒಂದು ತಿಂಗಳು ಮುಂಚೆ ಲ್ಯಾಪ್‌ಟಾಪ್. ಒಂದು ವಾರ ಮುಂಚೆ ಲಾಗಿನ್. ಹಿಂದಿನ ದಿನ ಆ ಲಾಗಿನ್‌ನಲ್ಲಿ ನೀವೇ ಒಳಗೆ ಹೋಗಿ ನೋಡಿ. ಮೊದಲ ದಿನ ಹೊಸಬರನ್ನು ಹತ್ತೂವರೆಗೆ ಬರಹೇಳಿ, ಉಳಿದವರೆಲ್ಲ ಬಂದು ಕುಳಿತಿರುತ್ತಾರೆ. ಐದು ಜನರ ಪರಿಚಯ ಸಾಕು. ಅದೇ ದಿನ ಒಂದು ಸಣ್ಣ, ನಿಜವಾದ ಕೆಲಸ ಕೊಡಿ, ಸಂಜೆಯೊಳಗೆ ಮುಗಿಯುವಂಥದ್ದು. ನಿಯಮಾವಳಿಯ ನೂರು ಪುಟ ಓದಿಸುವುದು ಮುಂದಿನ ವಾರಕ್ಕೆ ಇರಲಿ. ಆದರೆ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ದಿನವೇ ತಿಳಿಸಿ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆ ಸಮಿತಿ ಇರಲೇಬೇಕು, 2013ರ ಕಾನೂನು ಅದು.

ಊಟಕ್ಕೆ ಮೊದಲ ಐದು ದಿನ ಯಾರು ಜೊತೆಗೆ ಎಂದು ಪಟ್ಟಿ ಮಾಡಿ. ಅಲರ್ಜಿ ಉಂಟೇ ಎಂದು ಬರುವ ಮೊದಲೇ ಬರಹದಲ್ಲಿ ಕೇಳಿ. ನಮ್ಮ ಎಷ್ಟೋ ಗ್ರೇವಿಗಳಲ್ಲಿ ಗೇರುಬೀಜ ಅರೆದು ಹಾಕಿರುತ್ತಾರೆ, ನೋಡಿದರೆ ಕಾಣುವುದಿಲ್ಲ. ಸಿಗಡಿ ಕರಿದ ಎಣ್ಣೆಯಲ್ಲೇ ಬೇರೆಯದನ್ನೂ ಕರಿಯುವುದುಂಟು. ಖಾರ ಕಡಿಮೆ ಎಂದರೆ ಹೋಟೆಲಿನವರಿಗೆ ಅರ್ಥವಾಗುತ್ತದೆ, ಅಲರ್ಜಿಯನ್ನು ಮಾತ್ರ ಜೊತೆಗಿದ್ದವರೇ ಬಿಡಿಸಿ ಹೇಳಬೇಕು.

ಮಾತಿನ ಬಗ್ಗೆ ಒಂದು ಸಂಗತಿ. ಮೀಟಿಂಗಿನ ನಡುವೆ ಇಬ್ಬರು ತುಳುವಿಗೋ ಕೊಂಕಣಿಗೋ ಹೊರಳಿದರೆ ಉಳಿದವರು ನಗುತ್ತಾರೆ, ಹೊಸಬರು ಸುಮ್ಮನೆ ಕೂರುತ್ತಾರೆ. ಕ್ಯಾಂಟೀನಿನಲ್ಲಿ ಬೇಕಾದಷ್ಟು ತುಳು ಮಾತಾಡಿ, ಹೊಸಬರಿಗೂ ಕಲಿಸಿ. ತೀರ್ಮಾನಗಳು ಮಾತ್ರ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಆಗಲಿ, ಬರಹದಲ್ಲಿ ಹೋಗಲಿ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬಂದವರಿಗೂ ಇದರಿಂದ ಉಪಕಾರ.

ಆರೋಗ್ಯ ವಿಮೆ ಸೇರಿದ ದಿನದಿಂದಲೇ ಶುರುವಾಗಲಿ. ತುರ್ತಿಗೆ 112 ಎಂದು ಹೇಳಿಕೊಡಿ. ಮಳೆಗಾಲದಲ್ಲಿ ಜ್ವರ ಬಂದರೆ ಮಾತ್ರೆ ನುಂಗಿ ಮಲಗಬಾರದು, ರಕ್ತ ಪರೀಕ್ಷೆ ಮಾಡಿಸಬೇಕು, ಮಲೇರಿಯಾ, ಡೆಂಗಿ, ಇಲಿಜ್ವರ ನಮ್ಮಲ್ಲಿ ಇರುವಂಥವು. ಗಾಯದ ಕಾಲಿನಲ್ಲಿ ನಿಂತ ನೀರಿಗೆ ಇಳಿಯಬಾರದು. ಪಣಂಬೂರಿನಲ್ಲಾಗಲಿ ಮಲ್ಪೆಯಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವಂತಿಲ್ಲ ಎಂದು ಒತ್ತಿ ಹೇಳಿ. ಸಮುದ್ರ ಕಾಣದ ಊರಿನಿಂದ ಬಂದವರಿಗೆ ಮೊದಲ ಭಾನುವಾರವೇ ಅಲ್ಲಿಗೆ ಹೋಗುವ ಆಸೆ ಇರುತ್ತದೆ.

ತಮ್ಮ ದೇಶದಲ್ಲೇ ಕುಳಿತು ನಿಮಗಾಗಿ ಕೆಲಸ ಮಾಡುವವರಿಗೂ ಇಲ್ಲೊಬ್ಬರ ಹೆಸರು ಬೇಕು. ಅವರಿಗೆ ಕಂಪ್ಯೂಟರನ್ನು ಇಲ್ಲಿಂದ ಕಳಿಸಿದರೆ ಕಸ್ಟಮ್ಸಿನಲ್ಲಿ ಕೂರುವುದುಂಟು, ಅಲ್ಲೇ ಕೊಂಡುಕೊಡಿ. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಅವರ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಅದರ ಮರುದಿನ, ಸೋಮವಾರದ ಮೀಟಿಂಗಿನ ವೇಳೆಯನ್ನು ಹಿಂದಿನ ಶುಕ್ರವಾರವೇ ಅವರಿಗೆ ಬರೆದು ಕಳಿಸಿ.

ನಮಸ್ಕಾರ.