ಕಾರ್ ಆಕ್ಸಿಡೆಂಟ್ ಆದ ಮ್ಯಾಲ ಲಾರಿ ಲೈನಿಗೆ ಬರೋರು ಇದನ್ನ ಕೇಳ್ರಿ

ನಮಸ್ಕಾರ್ರಿ. ಕಾರ್ ಆಕ್ಸಿಡೆಂಟ್ ಆಗಿ ಎರಡು-ಮೂರು ತಿಂಗಳ ಆಗೇತಿ, ಈಗ ಲಾರಿ ಮ್ಯಾಲ ಹೋಗಬೇಕಂತ ಮಾಡೀರಿ. ಮನ್ಯಾಗ ಏನಂತಾರ? "ಕಾರ ಸಂಭಾಳಿಸಲಿಕ್ಕೆ ಆಗಲಿಲ್ಲ, ಇನ್ನ ಲಾರಿ ಹೆಂಗ ಹಿಡಿತಿ?" ಟ್ರಾನ್ಸ್‌ಪೋರ್ಟ್ ಆಫೀಸ್ ಮುಂದ ಚಾ ಕುಡಿಯೋ ಮಂದಿ ಏನಂತಾರ? "ಒಂದು ಕಾಯಿ ಒಡಸು, ಕಂಟಕ ಕಳೀತು, ನಾಳೆ ಗಾಡಿ ಹತ್ತು." ನನಗ ಈ ಎರಡೂ ಮಾತು ಒಪ್ಪಿಗಿ ಇಲ್ಲ. ಲಾರಿ ಹತ್ತಬಹುದು, ಆದ್ರ ವರಸೆ ತಪ್ಪಬಾರದು. ಮೊದಲ ಕೇಸ್, ಆಮ್ಯಾಲ ಮೈ, ಆಮ್ಯಾಲ ಲೈಸನ್ಸ್, ದೊಡ್ಡ ಗಾಡಿ ಎಲ್ಲಕ್ಕಿಂತ ಕಡೀಗೆ. ನಮ್ಮ ಕಡೆ ಬಹಳ ಮಂದಿ ಇದನ್ನ ಉಲ್ಟಾ ಮಾಡ್ತಾರ.

ಯಾಕ ಉಲ್ಟಾ ಮಾಡ್ತಾರ ಅಂದ್ರ, ಕೇಳೋರ ಇಲ್ಲ. ಅಮೆರಿಕಾದಾಗ ಡ್ರೈವರ್‌ನ ಕೆಲಸಕ್ಕ ತಗೊಳ್ಳೋ ಕಂಪನಿ ಅವನ ಹಿಂದಿನ 3 ವರ್ಷದ ಡ್ರೈವಿಂಗ್ ದಾಖಲೆ ತರಿಸಿ ನೋಡಲೇಬೇಕು, ಅಲ್ಲಿ ಕಾನೂನು ಹಂಗೈತಿ. ನಮ್ಮಲ್ಲಿ ಲಾರಿಯ ಥರ್ಡ್ ಪಾರ್ಟಿ ಇನ್ಶೂರನ್ಸ್ ಕಂತು ಗಾಡಿ ತೂಕ ನೋಡಿ ಹಾಕ್ತಾರ, ಓಡಸೋನ ಚರಿತ್ರಾ ನೋಡಂಗಿಲ್ಲ. ಮಾಲಕ ಲೈಸನ್ಸ್ ನೋಡ್ತಾನ, ಒಂದು ಟ್ರಿಪ್ ಬಾಜೂಕ ಕುಂತು ಕೈ ನೋಡ್ತಾನ, ಮುಗೀತು. ಹಂಗಾಗಿ ತಪಾಸಣಿ ಮಾಡ್ಕೊಳ್ಳೋ ಜವಾಬ್ದಾರಿ ಪೂರಾ ನಿಮ್ಮ ಮ್ಯಾಲ ಬಿತ್ತು.

ಈಗ ಕೇಸಿನ ಮಾತು. ಬರೇ ತಗಡು ಬಗ್ಗೇತಿ, ಯಾರಿಗೂ ಪೆಟ್ಟಾಗಿಲ್ಲ, ಎಫ್‌ಐಆರ್ ಆಗಿಲ್ಲ ಅಂದ್ರ ನಿಮಗ ಇಲ್ಲೇನೂ ಕೆಲಸ ಇಲ್ಲ. ಪೆಟ್ಟಾಗಿದ್ರ, 2024ರ ಜುಲೈ 1ರಿಂದ ಈಚೆಗಿನ ಕೇಸುಗಳು ಭಾರತೀಯ ನ್ಯಾಯ ಸಂಹಿತೆಯ ಕೆಳಗ ಬರ್ತಾವ. ಅಡ್ಡಾದಿಡ್ಡಿ ಓಡಿಸಿದ್ದಕ್ಕ ಕಲಂ 281, ಗಾಯಕ್ಕ 125, ಜೀವ ಹೋಗಿದ್ರ 106(1). ಕಡೀದಕ್ಕ 5 ವರ್ಷದ ತನಕ ಶಿಕ್ಷಾ ಐತಿ. ಕೇಸ್ ನಡದೈತಿ ಅನ್ನೋ ಒಂದ ಕಾರಣಕ್ಕ ಲೈಸನ್ಸ್ ಹೋಗಂಗಿಲ್ಲ. ಆದ್ರ ಆರ್‌ಟಿಓ ಅಮಾನತು ಮಾಡಿರಬಹುದು, ಕೋರ್ಟ್ ಅನರ್ಹ ಮಾಡಿರಬಹುದು. ಪರಿವಹನ್ ಸಾರಥಿ ಅನ್ನೋ ಸರ್ಕಾರಿ ವೆಬ್‌ಸೈಟಿನೊಳಗ ಲೈಸನ್ಸ್ ನಂಬರ್ ಹಾಕಿ ಸ್ಥಿತಿ ನೋಡ್ರಿ, ಎರಡು ನಿಮಿಷದ ಕೆಲಸ. ಲೈಸನ್ಸ್ ಪೊಲೀಸರ ಕೈಯಾಗ ಸಿಕ್ಕಿದ್ರ ವಕೀಲರ ಮೂಲಕ ಅರ್ಜಿ ಹಾಕಿ ಬಿಡಿಸ್ಕೊಳ್ರಿ. ಜೆರಾಕ್ಸ್ ಇಟ್ಕೊಂಡು ಲಾರಿ ಹತ್ತಬ್ಯಾಡ್ರಿ.

ಇಲ್ಲೇ ಒಂದು ಸೂಕ್ಷ್ಮ ಐತಿ. "ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಿಡು, ಅಲೆದಾಟ ತಪ್ತದ" ಅಂತ ಕೋರ್ಟ್ ಆವರಣದಾಗ ಸಲಹಾ ಕೊಡೋರು ಭಾಳ ಮಂದಿ. ಒಪ್ಪಿಕೊಂಡ್ರ ಅದು ಶಿಕ್ಷೆ ಆದಂಗ. ಅದರಾಗ ಮೋಟಾರು ವಾಹನ ಕಾಯ್ದೆಯ ಕಲಂ 184, ಅಂದ್ರ ಅಪಾಯಕಾರಿ ಚಾಲನೆ, ಸೇರಿತ್ತಂದ್ರ ಕಲಂ 21 ನಿಮ್ಮ ಬೆನ್ನ ಹಿಂದ ನಿಂತಿರ್ತದ. ಮುಂದ ಲಾರಿ ಮ್ಯಾಲ ಇದ್ದಾಗ ಯಾರರೆ ಸತ್ತು ಅಥವಾ ಭಾರೀ ಗಾಯ ಆಗಿ ಕೇಸ್ ದಾಖಲಾತು ಅಂದ್ರ, ತೀರ್ಪಿಗೆ ಕಾಯೂದಿಲ್ಲ, ದಾಖಲಾದ ದಿನದಿಂದ 6 ತಿಂಗಳು ಲೈಸನ್ಸ್ ಅಮಾನತು. ಡ್ರೈವರ್ ಕೆಲಸಾನ ಹೊಟ್ಟಿಪಾಡು ಮಾಡ್ಕೊಳ್ಳೋನಿಗೆ 6 ತಿಂಗಳು ಸಣ್ಣ ಮಾತಲ್ರಿ. ಯಾವ ಕಲಂ ಒಪ್ಕೊಳ್ಳಾಕತ್ತೀನಿ ಅಂತ ವಕೀಲರನ್ನ ಬಾಯಿ ಬಿಟ್ಟು ಕೇಳ್ರಿ.

ಇನ್ನೊಂದು, ತಾರೀಖು. ಹುಬ್ಬಳ್ಳಿಯಿಂದ ಲೋಡ್ ತಗೊಂಡು ಅಹಮದಾಬಾದಿಗೆ ಹೋಗೀರಿ, ಇಲ್ಲಿ ಕೋರ್ಟಿನಾಗ ನಿಮ್ಮ ಹೆಸರು ಕೂಗ್ಯಾರ. ತಾರೀಖು ತಪ್ಪಿದ್ರ ವಾರಂಟ್ ಬರಬಹುದು. ಕೆಲಸಕ್ಕ ಸೇರೂ ಮೊದಲ ಹಾಜರಾತಿ ವಿನಾಯಿತಿ ಅರ್ಜಿ ಬಗ್ಗೆ ಮಾತಾಡಿ ಇಟ್ಕೊಳ್ರಿ. ಗಾಯಾಳು ಪರಿಹಾರ ಕೇಳಿ ಹೋಗಿದ್ರ ಆ ನೋಟಿಸ್ ಬ್ಯಾರೆ ಬರ್ತದ. ನೀವು ಊರಾಗಿಲ್ಲ ಅಂತ ಅದು ನಿಲ್ಲಂಗಿಲ್ಲ, ಏಕಪಕ್ಷೀಯ ಆದೇಶ ಆಗ್ತದ.

ಮೈ ವಿಚಾರಕ್ಕ ಬರೋಣ. ಲೈಸನ್ಸ್ ಅರ್ಜಿ ಜೋಡಿ ನಮ್ಮ ಆರೋಗ್ಯದ ಬಗ್ಗೆ ನಾವ ಬರದು ಕೊಡೋ ಫಾರ್ಮ್ 1ರಾಗ ಒಂದು ಪ್ರಶ್ನಾ ಐತಿ: ಮೂರ್ಛೆರೋಗ, ಎಚ್ಚರ ತಪ್ಪೂದು, ತಲಿ ಸುತ್ತೂದು ಏನರೆ ಐತೇನು ಅಂತ. ಎಲ್ಲಾರೂ ಕಣ್ಣ ಮುಚ್ಚಿ "ಇಲ್ಲ" ಅಂತ ಬರೀತಾರ. ಫಾರ್ಮ್ 1ಎ ಡಾಕ್ಟರ್ ಬರದು ಕೊಡೂದು. ಹಗಲಿನಾಗ 25 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಾಕ ಬರ್ತದೇನು, ಕೆಂಪು-ಹಸಿರು ಗೊತ್ತಾಗ್ತದೇನು ಅಂತ ನೋಡಬೇಕು. ಕೆಲವು ಕಡೆ ಮುಖಾನೂ ನೋಡಲಾರದ ಸಿಕ್ಕಾ ಒತ್ತಿ ಕೊಡ್ತಾರ, ಅಂಥಾ ಕಾಗದ ನಿಮ್ಮ ಕಣ್ಣು ಸುಧಾರಿಸಂಗಿಲ್ಲ. ಆಕ್ಸಿಡೆಂಟಿನಾಗ ತಲಿಗೆ ಪೆಟ್ಟಾಗಿದ್ರ, ಒಂದು ಕ್ಷಣ ಎಚ್ಚರ ತಪ್ಪಿದ್ರೂ ಸೈತ, ನರರೋಗ ತಜ್ಞರನ್ನ ಕಂಡು ಬರ್ರಿ. ಫಿಟ್ಸ್ ಅನ್ನೂದು ಪೆಟ್ಟಾಗಿ ತಿಂಗಳ ಆದ ಮ್ಯಾಲೂ ಬರಬಹುದು. ತಗೊಳ್ಳೋ ಗುಳಿಗಿ ನಿದ್ದಿ ತರ್ತಾವೇನು ಅಂತನೂ ಕೇಳ್ರಿ.

ಕಾಗದದಾಗ ಇರಲಾರದ ಪರೀಕ್ಷಾನೂ ಅದಾವ. ಕುತ್ತಿಗಿ ಎರಡೂ ಕಡೆ ಪೂರ್ತಿ ಹೊಳ್ಳಬೇಕು, ಯಾಕಂದ್ರ ಲಾರ್‍ಯಾಗ ಒಳಗಿನ ಕನ್ನಡಿ ಲೆಕ್ಕಕ್ಕಿಲ್ಲ, ಎಲ್ಲಾ ಎಡಬಲದ ಕನ್ನಡಿನ. ಎಡಗಾಲ ಮೊಣಕಾಲಿಗೆ ಪೆಟ್ಟಾಗಿದ್ರ ಎಪಿಎಂಸಿ ಗೇಟಿನ ಮುಂದ ಇಂಚಿಂಚು ಸರಿಯೋ ಸಾಲಿನಾಗ ತಾಸುಗಟ್ಟಲೆ ಕ್ಲಚ್ ಒತ್ತಲಿಕ್ಕೆ ಆಗ್ತದೇನು? ಭುಜ ಎತ್ತಿ ಹಗ್ಗ ಬಿಗಿದು, ತಾಡಪತ್ರಿ ಎಳಿಬೇಕಾಗ್ತದ. ಕ್ಲೀನರ್ ಎಲ್ಲಾ ಗಾಡಿಗೂ ಇರಂಗಿಲ್ಲ ಈಗ.

ಅಂಜಿಕಿ ಬಗ್ಗೆ ಗಂಡಸರು ಮಾತಾಡೂದ ಇಲ್ಲ. ಗಬ್ಬೂರಿಂದ ನರೇಂದ್ರದ ತನಕ ಹುಬ್ಬಳ್ಳಿ-ಧಾರವಾಡ ಬೈಪಾಸ್ ಐತಲ್ಲ, ರಾತ್ರಿ ಎದರಿಂದ ಲೈಟ್ ಬಂದಾಗ ನಿಮ್ಮ ಕೈ ತಾನಾಗಿ ಸ್ಟೇರಿಂಗ್ ಎಡಕ್ಕ ಎಳಿತದೇನು ನೋಡ್ರಿ. ಮೊದಲ ಬಾಜೂಕ ಕುಂತು ಹೋಗ್ರಿ, ಆಮ್ಯಾಲ ಹಗಲಿನಾಗ ಕಾರ್ ನೀವ ಓಡಿಸ್ರಿ, ಆಮ್ಯಾಲ ರಾತ್ರಿ. ಎದಿ ಹೊಡ್ಕೊಳ್ಳೂದು ನಿಲ್ಲಲಿಲ್ಲ ಅಂದ್ರ ಲಾರಿ ಮಾತು ಮುಂದ ಹಾಕ್ರಿ.

ಲೈಸನ್ಸ್ ಕೆಲಸ ಇವೆರಡರಷ್ಟು ಕಠಿಣ ಇಲ್ಲ. ವಯಸ್ಸು 20 ತುಂಬಿರಬೇಕು, ಕಾರಿನ ಲೈಸನ್ಸ್ ಒಂದು ವರ್ಷ ಹಳೇದಿರಬೇಕು, ಅಂದ್ರ ಹೆವಿ ಗಾಡಿಗೆ ಎಲ್‌ಎಲ್ (ಕಲಿಯೋರ ಲೈಸನ್ಸ್) ಸಿಗ್ತದ. ಎಂಟನೇತ್ತ ಪಾಸಾಗಿರಬೇಕು ಅನ್ನೋ ಷರತ್ತು 2019ರಾಗ ತೆಗದ್ರು. ಡ್ರೈವಿಂಗ್ ಸ್ಕೂಲಿನ ಫಾರ್ಮ್ 5, ಅಂದ್ರ ತರಬೇತಿ ಮುಗಿಸಿದ ಪ್ರಮಾಣಪತ್ರ, ಬೇಕು, ಎಲ್‌ಎಲ್ ಆಗಿ 30 ದಿನದ ಮ್ಯಾಲ ಟೆಸ್ಟ್. ಕೊಟ್ಟ ಲೈಸನ್ಸ್ 5 ವರ್ಷ ನಡೀತದ.

ಆದ್ರ ನನ್ನ ಸಲಹಾ, ಅದಕ್ಕ ಓಡಬ್ಯಾಡ್ರಿ. 2024ರ ನವೆಂಬರ್ 6ಕ್ಕ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟೈತಿ: ಎಲ್‌ಎಂವಿ, ಅಂದ್ರ ಕಾರಿನಂಥ ಹಗುರ ಗಾಡಿ ಲೈಸನ್ಸ್ ಇದ್ದೋರು ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು, ಬ್ಯಾರೆ ಸಿಕ್ಕಾ ಬ್ಯಾಡ. ಅಂದ್ರ ಟಾಟಾ ಏಸ್, ಬೊಲೆರೊ ಪಿಕಪ್ ನಿಮ್ಮ ಕೈಗೆ ಈಗ ಬರ್ತಾವ. ಹತ್ತೂ ಮೊದಲ ಆರ್‌ಸಿಯೊಳಗ ಒಟ್ಟು ತೂಕ ಓದ್ರಿ. ಅಲ್ಲಿ 7,500 ದಾಟಿತ್ತಂದ್ರ ನಿಮಗ ಅದು ಲೈಸನ್ಸ್ ಇಲ್ಲದ ಗಾಡಿ. ಒಂದು ವರ್ಷ ಅಮರಗೋಳ ಎಪಿಎಂಸಿ, ಬ್ಯಾಡಗಿ, ರಾಣೇಬೆನ್ನೂರು ಅಂತ ಪಿಕಪ್ ಮ್ಯಾಲ ತಿರಗ್ರಿ. ಲೋಡ್ ಇದ್ದಾಗ ಬ್ರೇಕ್ ಎಷ್ಟು ಮುಂದ ಹೋಗಿ ಹಿಡಿತದ, ಮೆಣಸಿನಕಾಯಿ ಚೀಲ ಎತ್ತರಕ್ಕ ಒಟ್ಟಿದ್ರ ತಿರುವಿನಾಗ ಗಾಡಿ ಹೆಂಗ ವಾಲ್ತದ ಅನ್ನೂದು ಮೈಗೆ ಹತ್ತಬೇಕು. ಲೋಡ್ ಮ್ಯಾಲ ಮಂದಿ ಕುಂದರಿಸಬ್ಯಾಡ್ರಿ, ಎಷ್ಟ ಪರಿಚಯದೋರು ಇದ್ರೂ. 2025ರ ಜನವರಿಯೊಳಗ ಸವಣೂರಿಂದ ಕುಮಟಾ ಸಂತಿಗೆ ಹೊಂಟ ಕಾಯಿಪಲ್ಲೆ ಲಾರಿ ಯಲ್ಲಾಪುರ ತಾಲೂಕಿನಾಗ ಉರುಳಿ 10 ಮಂದಿ ವ್ಯಾಪಾರಿಗಳು ಹೋದ್ರು. ಸರಕಿನ ಮ್ಯಾಲ ಕುಂತೋರಿಗೆ ಹಿಡ್ಕೊಳ್ಳಾಕ ಏನಿರ್ತದ್ರಿ?

ಹತ್ತು ಚಕ್ರದ ಲಾರಿ ತುಂಬಿದಾಗ 28 ಟನ್. ಅಲ್ಲಿ ಕಾರಿನ ಚಟ ಸಾಯಿಸ್ತಾವ. ಗಾಳಿ ಬ್ರೇಕಿಗೆ ಪ್ರೆಶರ್ ಏರೂ ತನಕ ಗಾಡಿ ಎಬ್ಬಿಸಬಾರದು. ಅರಬೈಲ್ ಘಟ್ಟ ಇಳಿಯೋಮುಂದ ಕಾರಿನಂಗ ಬ್ರೇಕ್ ಮ್ಯಾಲ ಕಾಲಿಟ್ಟು ಕುಂತ್ರ ಡ್ರಮ್ ಕಾಯ್ತಾವ, ಲೈನರ್ ಹಿಡಿಯೂದು ಬಿಡ್ತಾವ. ಪದೇ ಪದೇ ಒತ್ತಿದ್ರ ಗಾಳೀನೂ ಖಾಲಿ ಆಗ್ತದ. ಏರೂ ಗೇರಿನಾಗ ಇಳೀರಿ, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗಿ ತಡದು ಗಾಡಿ ನಿಧಾನ ಮಾಡೋದು) ಹಾಕ್ರಿ. ಡೀಸೆಲ್ ಉಳಸಾಕ ನ್ಯೂಟ್ರಲ್ ಮಾಡ್ತೀನಿ ಅನ್ನೋ ಶಾಣ್ಯಾಗೋಳು ಕೇಳ್ರಿ: ಈಗಿನ ಇಂಜಿನ್ ಗೇರಿನಾಗಿದ್ದು ಎಕ್ಸಲೇಟರ್ ಬಿಟ್ರ ಡೀಸೆಲ್ ಕುಡಿಯೂದ ಇಲ್ಲ, ನ್ಯೂಟ್ರಲ್‌ದಾಗ ಕುಡಿತದ.

ಕೆಟ್ಟು ನಿಂತ್ರ ಡಾಂಬರ್ ಬಿಟ್ಟು ಕೆಳಗ ಇಳಿಸ್ರಿ, ನಾಲ್ಕೂ ಇಂಡಿಕೇಟರ್ ಹಚ್ಚಿ ಹಿಂದ ದೂರಕ್ಕ ತ್ರಿಕೋನ ಇಡ್ರಿ. ಕಲ್ಲು-ಟೊಂಗಿ ಸಾಲಂಗಿಲ್ಲ. 2024ರ ಜೂನ್‌ದಾಗ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ರ ನಿಂತ ಲಾರಿಗೆ ಟೆಂಪೋ ಟ್ರಾವೆಲರ್ ಹೊಡದು 13 ಮಂದಿ ಸತ್ರು. ಚಲಿಸೋ ಗಾಡಿಯಷ್ಟ ನಿಂತ ಗಾಡಿನೂ ಡ್ರೈವರ್‌ನ ಹೊಣಿ.

ಕಡೀಗೆ ಮಾಲಕರ ಮುಂದ ಕುಂತಾಗ ಹಿಂದಿನ ಆಕ್ಸಿಡೆಂಟ್ ನೀವ ಹೇಳ್ರಿ, ಕೋರ್ಟ್ ತಾರೀಖೂ ಹೇಳ್ರಿ. ರಜಾ ಕೇಳಾಕ ಆಗ ಸುಳ್ಳು ಹುಡಕೋ ಕೆಲಸ ಇರಂಗಿಲ್ಲ. "ಅದೆಲ್ಲಾ ನಡೀತದ, ರಾತ್ರಿ-ಹಗಲು ಓಡಿಸು ಸಾಕು" ಅನ್ನೋ ಮಾಲಕರಿಂದ ಎದ್ದು ಬರ್ರಿ. 2025ರ ನವೆಂಬರ್ ತನಕ ಜಾರಿ ಇದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಾಗ ದಿನಕ್ಕ 8 ತಾಸು ಅಂತ ಬರದಿತ್ತು, 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿನೂ ಇತ್ತು. ಪಾಲಿಸಿ ಕೈಯಾಗ ಇಸ್ಕೊಂಡು ಎರಡು ಸಾಲು ಹುಡಕ್ರಿ: ಕೊನೇ ತಾರೀಖು, ಮತ್ತ ಸಂಬಳದ ಡ್ರೈವರ್‌ಗೆ ಕಂತು ಕಟ್ಯಾರೇನು ಅನ್ನೂದು. ಎರಡನೇದು ಇಲ್ಲ ಅಂದ್ರ ಏಜೆಂಟ್‌ಗೆ ಫೋನ್ ಹಚ್ಚಿ ಸೇರಿಸಾಕ ಹೇಳ್ರಿ, ಸೇರಿಸಿದ ಕಾಗದ ವಾಟ್ಸಾಪ್‌ಗೆ ಬಂದ ಮ್ಯಾಲ ಕೀಲಿ ಇಸ್ಕೊಳ್ರಿ.